ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಕಂಡ ಕೆರೆಗಳು



ಕಾರ್ತಿಕ ಮಾಸದ ಕಡೆಯಲ್ಲಿ ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ 36 ಮಕ್ಕಳು ಎರಡು ದಿನದ ಮಟ್ಟಿಗೆ ಬೆಂಗಳೂರಿಗೆ ಹೋಗಿಬಂದರು. ಜೊತೆಯಲ್ಲಿ ಇಬ್ಬರು ಉಪಾಧ್ಯಾಯರು, ಒಬ್ಬರು ಉಪಾಧ್ಯಾಯಿನಿ, ಊರಿನ ಹಿರಿಯ ರೈತರೊಬ್ಬರು ಮತ್ತು ಗ್ರಾಮಸೇವಕನಾದ ನಾನು ಇದ್ದೆವು. ಪ್ರವಾಸದ ವಿಷಯ ಬರೆಯಬೇಕೆಂದು ಅನೇಕ ತಂದೆತಾಯಿಗಳು ಕೇಳಿದ್ದಾರೆ. ಬೇರೆ ಹಳ್ಳಿಯವರೂ ಇಂತಹ ಪ್ರವಾಸ ಹೊರಡಿಸಬಹುದಾದ್ದರಿಂದ ನಾವು ಮಾಡಿದ್ದನ್ನೂ ತಪ್ಪಿದ್ದನ್ನೂ ಇಲ್ಲಿ ಬರೆಯುತ್ತೇನೆ.

ಮೊದಲು ಖರ್ಚಿನ ಮಾತು. ಮಕ್ಕಳನ್ನು ಪಟ್ಟಣ ತೋರಿಸಲು ಕಳುಹಿಸಿ ಎಂದರೆ ಎಷ್ಟೋ ಮನೆಗಳಲ್ಲಿ, "ದುಡ್ಡು ಕೊಟ್ಟು ಕಟ್ಟಡ ನೋಡೋಕೆ ಹೋಗ್ಬೇಕಾ ಸಾಮಿ? ನಾಳೆ ದೊಡ್ಡೋರಾದ್ಮೇಲೆ ಕೂಲಿಗೆ ಅಲ್ಲಿಗೇ ಹೋಗ್ತಾರಲ್ಲ" ಎಂದು ಹೇಳಿದರು. ಈ ಮಾತಿನಲ್ಲಿ ನೋವಿದೆ, ಸುಳ್ಳಿಲ್ಲ. ಆದ್ದರಿಂದ ಹಣ ಕೇಳುವುದನ್ನು ಬಿಟ್ಟು ಕಡಲೆಕಾಯಿ ಕೇಳಿದೆವು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವುದು ನಿಮಗೆ ಗೊತ್ತಿದೆ. ಮನೆಮನೆಯಿಂದ ಸೇರಿದ ಕಾಯಿ ಎಂಟು ಚೀಲವಾಯಿತು. ಚೀಲಗಳನ್ನು ಹಿಂದಿನ ದಿನವೇ ಪರಿಷೆಗೆ ಹೊರಟಿದ್ದ ಒಬ್ಬ ಪರಿಚಯದ ವ್ಯಾಪಾರಿಯ ಲಾರಿಯಲ್ಲಿ ಹಾಕಿಸಿ, ನಾವು ಶನಿವಾರ ರಾತ್ರಿ ಬಸ್ಸು ಹತ್ತಿದೆವು.

ಪ್ರತಿ ಮಗುವಿನ ಕೈಯಲ್ಲಿ ಒಂದು ನೋಟು ಪುಸ್ತಕ. ಯಾವ ಸ್ಥಳಕ್ಕೆ ಹೋದರೂ ಎರಡು ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳತಕ್ಕದ್ದು ಎಂದು ಗೊತ್ತುಮಾಡಿದ್ದೆವು: ಈ ಜಾಗ ಮೊದಲು ಏನಾಗಿತ್ತು? ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಇದೇನು ದೊಡ್ಡ ಯೋಚನೆಮಾಡಿ ಹಾಕಿದ ಪ್ರಶ್ನೆಗಳಲ್ಲ. ಬಯಲುಸೀಮೆಯ ನಾವು ಯಾವ ಊರಿಗೆ ಹೋದರೂ ಕೇಳುವ ಮಾತುಗಳೇ. ಆದರೆ ಈ ಎರಡು ಪ್ರಶ್ನೆಗಳು ನಮ್ಮನ್ನು ಎಲ್ಲಿಗೆ ಕೊಂಡೊಯ್ದವೆಂಬುದನ್ನು ಮುಂದೆ ನೋಡುವಿರಿ.

ಬೆಳಗಿನ ಜಾವ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇಳಿದೆವು. ಎತ್ತ ನೋಡಿದರೂ ಬಸ್ಸು, ದೀಪ, ಜನ. ನೆಲದ ಕೆಳಗೆ ಮೆಟ್ರೋ ರೈಲಿನ ದೊಡ್ಡ ನಿಲ್ದಾಣ. ನಮ್ಮ ಚರಿತ್ರೆಯ ಉಪಾಧ್ಯಾಯರು ಮಕ್ಕಳನ್ನು ಒಂದು ಕಡೆ ನಿಲ್ಲಿಸಿ, "ಈಗ ನೀವು ಒಂದು ಕೆರೆಯ ಅಂಗಳದಲ್ಲಿ ನಿಂತಿದ್ದೀರಿ" ಎಂದರು. ಮಕ್ಕಳು ನಕ್ಕರು. ಜೊತೆಯಲ್ಲಿದ್ದ ಹಿರಿಯರೂ, "ಏನ್ ಮೇಷ್ಟ್ರೆ, ನಿದ್ದೆಗಣ್ಣಾಗೆ ಹೇಳ್ತೀರೇನು? ಬಸ್ಸು ಬಿಟ್ರೆ ಏನೂ ಕಾಣಾಕಿಲ್ಲ" ಎಂದರು.

ಮೇಷ್ಟ್ರು ಹೇಳಿದ್ದು ನಿಜ. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆಗೆ ಅಸ್ತಿವಾರ ಹಾಕಿದಾಗ ಅಲ್ಲಿ ಹತ್ತಿರದಲ್ಲಿ ದೊಡ್ಡ ಹೊಳೆ ಇರಲಿಲ್ಲ. ಊರು ನಿಲ್ಲಬೇಕಾದರೆ ಕೆರೆ ಬೇಕು. ಹಾಗೆ ಪೇಟೆಗೆ ನೀರು ಕೊಡುತ್ತಿದ್ದ ಕೆರೆ ಧರ್ಮಾಂಬುಧಿ. ಆ ಕೆರೆಯ ಜಾಗದಲ್ಲಿಯೇ ಈಗಿನ ಬಸ್ ನಿಲ್ದಾಣವಿದೆ. ಕೆರೆ ಹೇಗೆ ಹೋಯಿತು ಎಂಬುದೇ ನಾವು ತಿಳಿಯತಕ್ಕ ಪಾಠ. ಯಾರೂ ಒಂದು ದಿನ ಗುದ್ದಲಿ ಹಿಡಿದು ಬಂದು ಮುಚ್ಚಿದ್ದಲ್ಲ. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿಯಲ್ಲಿ ನೀರು ಬಂದಿತು. ಮನೆ ಬಾಗಿಲಿಗೆ ನೀರು ಬಂದಮೇಲೆ ಕೆರೆಯ ಹೂಳು ತೆಗೆಯುವವರು ಯಾರು? ಕಾಲುವೆ ನೋಡುವವರು ಯಾರು? ಕೆರೆ ಬತ್ತಿತು. ಬತ್ತಿದ ಅಂಗಳ ಬಯಲಾಯಿತು. ಬಯಲಿನಲ್ಲಿ ಸಭೆಗಳು ನಡೆದವು. ಕಡೆಗೆ 1960ರ ದಶಕದಲ್ಲಿ ಬಸ್ ನಿಲ್ದಾಣ ಎದ್ದಿತು.

ಒಬ್ಬ ಹುಡುಗಿ ಪುಸ್ತಕದಲ್ಲಿ ಬರೆಯುತ್ತಾ, "ಸಾರ್, ನಮ್ಮೂರಿಗೆ ಬೋರ್‌ವೆಲ್ ಬಂದ ಹಾಗೆ ಅಲ್ವಾ?" ಎಂದಳು. ಆಗ ಯಾರೂ ಉತ್ತರ ಕೊಡಲಿಲ್ಲ. ಹಿರಿಯರು ಬೀಡಿ ಹೊತ್ತಿಸಲು ಆಚೆಗೆ ಹೋದರು. ಹೋದ ಕಾರಣವನ್ನು ಆಮೇಲೆ ಹೇಳುತ್ತೇನೆ.

ಅಲ್ಲಿಂದ ಕೃಷ್ಣರಾಜ ಮಾರುಕಟ್ಟೆ. ಹೊತ್ತು ಹುಟ್ಟುವುದಕ್ಕೆ ಮೊದಲೇ ಅಲ್ಲಿ ಹೂವಿನ ವ್ಯಾಪಾರ ಜೋರು. ಸೇವಂತಿಗೆ, ಚೆಂಡು ಹೂವು, ಕನಕಾಂಬರ ಎಲ್ಲವೂ ರಾಶಿರಾಶಿ. ತಮ್ಮ ಮನೆಯಲ್ಲಿ ಸೇವಂತಿಗೆ ಬೆಳೆಯುವ ಇಬ್ಬರು ಹುಡುಗರು ಬೆಲೆ ವಿಚಾರಿಸಿ ಬರೆದುಕೊಂಡರು. ಊರಿನಲ್ಲಿ ಕೈಗೆ ಸಿಕ್ಕುವ ಬೆಲೆಗೂ ಅಲ್ಲಿಯ ಬೆಲೆಗೂ ಇದ್ದ ಅಂತರ ನೋಡಿ ಅವರ ಮುಖ ಸಣ್ಣದಾಯಿತು. ನಾನು ಅವರಿಗೆ ಬಾಡಿಗೆ, ಹಮಾಲಿ, ಕಮಿಷನ್, ಬಾಡಿದ ಹೂವಿನ ನಷ್ಟ ಇವನ್ನೆಲ್ಲ ಕಳೆದು ಲೆಕ್ಕ ಹಾಕಲು ಹೇಳಿದೆ. ಹಾಕಿದರು. ಆದರೂ ಸ್ವಲ್ಪ ಉಳಿಯಿತು! ಆ ಉಳಿದದ್ದು ಯಾರ ಪಾಲು ಎಂದು ಅವರು ಕೇಳಿದಾಗ, ಹತ್ತು ಮನೆಯವರು ಸೇರಿ ಒಂದೇ ವಾಹನದಲ್ಲಿ ಹೂವು ಕಳುಹಿಸುವ ವಿಚಾರ ಹೇಳಿದೆ. ಅದನ್ನು ಬೇರೊಂದು ಸಂಚಿಕೆಯಲ್ಲಿ ಬರೆಯುತ್ತೇನೆ.

ಈ ಮಾರುಕಟ್ಟೆಯೂ ಕೆರೆಯ ಜಾಗವೇ. ಅದರ ಹೆಸರು ಸಿದ್ದಿಕಟ್ಟೆ. ಇನ್ನೊಂದು ವಿಶೇಷವೆಂದರೆ, ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿದದ್ದು 1905ರಲ್ಲಿ. ಆ ದೀಪಗಳನ್ನು ಮೊದಲು ಕಂಡ ಪ್ರದೇಶಗಳಲ್ಲಿ ಇದೂ ಒಂದು.

ನಮ್ಮ ತಪ್ಪು ನಡೆದದ್ದು ಇಲ್ಲಿಯೇ. ಮಕ್ಕಳನ್ನು ಸಾಲಾಗಿ ನಡೆಸಿದರೆ ಸಾಕೆಂದುಕೊಂಡಿದ್ದೆವು. ಹೂವಿನ ಗದ್ದಲದಲ್ಲಿ ಒಬ್ಬ ಹುಡುಗ ತಪ್ಪಿಹೋದ. ಇಪ್ಪತ್ತು ನಿಮಿಷ ನನ್ನ ಜೀವ ಬಾಯಿಗೆ ಬಂದಿತ್ತು. ಹೂವು ಮಾರುವ ಒಬ್ಬ ತಾಯಿ ಅವನನ್ನು ತಮ್ಮ ಬುಟ್ಟಿಯ ಪಕ್ಕ ಕೂರಿಸಿಕೊಂಡು, ಅವನ ಜೇಬಿನಲ್ಲಿದ್ದ ಚೀಟಿಯ ನಂಬರಿಗೆ ಫೋನು ಮಾಡಿಸಿದರು. ಚೀಟಿ ಬರೆದುಕೊಟ್ಟದ್ದು ಉಪಾಧ್ಯಾಯಿನಿಯವರ ಬುದ್ಧಿ, ನನ್ನದಲ್ಲ. ಅಂದಿನಿಂದ ಇಬ್ಬಿಬ್ಬರ ಜೋಡಿ ಮಾಡಿದೆವು. ಜೋಡಿಯವನು ಕಾಣದಿದ್ದರೆ ಇನ್ನೊಬ್ಬ ಕೂಡಲೇ ಕೂಗಬೇಕು. ನೀವು ಪ್ರವಾಸ ಹೊರಟರೆ ಊರಿನಲ್ಲಿಯೇ ಜೋಡಿ ಮಾಡಿಕೊಂಡು ಹೊರಡಿ.

ಬಿಸಿಲೇರುವ ಹೊತ್ತಿಗೆ ಲಾಲ್‌ಬಾಗಿಗೆ ಬಂದೆವು. ಇದು 240 ಎಕರೆ ವಿಸ್ತಾರದ ತೋಟ. ಹೈದರಾಲಿ 1760ರಲ್ಲಿ ಪ್ರಾರಂಭಿಸಿದನು. ಟಿಪ್ಪು ಸುಲ್ತಾನನು ಹೊರದೇಶಗಳಿಂದ ಬೀಜ, ಸಸಿ ತರಿಸಿದನು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತು. ಇವೆಲ್ಲ ಫಲಕಗಳಲ್ಲಿ ಓದಿಕೊಳ್ಳುವ ಸಂಗತಿ. ರೈತರ ಮಕ್ಕಳಿಗೆ ನಾನು ಹೇಳಿದ್ದು ಬೇರೆ. ನಮ್ಮ ಸಂತೆಯಲ್ಲಿ ಸಿಕ್ಕುವ ಸೀಮೆಬದನೆಕಾಯಿ ಮೆಕ್ಸಿಕೋ ಕಡೆಯದು. ಅದನ್ನು ಇಲ್ಲಿಗೆ ತಂದು ಹರಡಿದ ಕೀರ್ತಿಯನ್ನು ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಅವರಿಗೆ ಕೊಡುತ್ತಾರೆ. ತಮಿಳರೂ ತೆಲುಗರೂ ಇಂದಿಗೂ ಅದನ್ನು ಬೆಂಗಳೂರು ಬದನೆಕಾಯಿ ಎಂದೇ ಕರೆಯುತ್ತಾರೆ. ತೋಟವೆಂದರೆ ಬರೀ ಅಂದಕ್ಕೆ ಅಲ್ಲ. ಒಂದು ಗಿಡ ನಮ್ಮ ನೆಲಕ್ಕೆ ಒಗ್ಗುತ್ತದೆಯೋ ಇಲ್ಲವೋ ಎಂದು ರೈತನಿಗಿಂತ ಮೊದಲು ಸೋತು ನೋಡುವ ಜಾಗ ಅದು. ಮುಂದೆ ಡಾ. ಎಂ. ಎಚ್. ಮರಿಗೌಡರ ಕಾಲದಲ್ಲಿ ತೋಟಗಾರಿಕೆ ಇಲಾಖೆ ಬೆಳೆದು, ಜಿಲ್ಲೆ ಜಿಲ್ಲೆಗಳಲ್ಲಿ ಸಸ್ಯಕ್ಷೇತ್ರಗಳಾದವು. ನಿಮ್ಮ ಹೊಲದ ಬದುವಿನಲ್ಲಿರುವ ಕಸಿಮಾವಿನ ಗಿಡದ ದಾರಿ ಹಿಡಿದು ಹಿಂದಕ್ಕೆ ಹೋದರೆ ಅದು ಇಂತಹ ತೋಟದ ಬಾಗಿಲಿಗೇ ಮುಟ್ಟೀತು.

ಲಾಲ್‌ಬಾಗಿನ ಒಳಗೆ ಒಂದು ಬಂಡೆಯಿದೆ. ಸುಮಾರು 300 ಕೋಟಿ ವರ್ಷದ ಕಲ್ಲು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಮೇಲೆ ಕೆಂಪೇಗೌಡರ ಗೋಪುರ. ಇಂತಹ ನಾಲ್ಕು ಗೋಪುರಗಳು ಊರಿನ ನಾಲ್ಕು ಕಡೆ ಇವೆ. ಒಂದು ಕಾಲಕ್ಕೆ ಊರು ಇಷ್ಟಕ್ಕೇ ಸಾಕೆಂದು ಇಟ್ಟ ಗುರುತು ಇವು ಎಂದು ಹೇಳಿಕೆಯಿದೆ. ಬಂಡೆಯ ಮೇಲೆ ನಿಂತು ಸುತ್ತ ನೋಡಿದರೆ ಕಣ್ಣು ಹಾಯುವವರೆಗೆ ಕಟ್ಟಡ. ಅಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಪುಳಿಯೋಗರೆ ತಿನ್ನುತ್ತಾ ಎರಡನೆಯ ಪ್ರಶ್ನೆಗೆ ಬಂದೆವು. ಇಷ್ಟು ಜನಕ್ಕೆ ನೀರು ಎಲ್ಲಿಂದ?

ಹೆಸರಘಟ್ಟ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಅದೂ ಸಾಲದೆ 1974ರಲ್ಲಿ ಕಾವೇರಿ ನೀರು ಬಂದಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಮೂರು ಹಂತಗಳಲ್ಲಿ ಪಂಪು ಹಾಕಿ ನೀರನ್ನು ಎತ್ತಬೇಕು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಪ್ರಾರಂಭವಾಯಿತು. ಅದೊಂದರಿಂದಲೇ ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್ ನೀರು ಹರಿಸುವ ಏರ್ಪಾಡು. ನಮ್ಮ ತೋಟದ ಮೋಟಾರಿನ ಬಿಲ್ಲಿನ ಮಾತು ಬಂದರೆ ಮುಖ ಗಂಟಿಕ್ಕುವ ನಮಗೆ ಈ ಲೆಕ್ಕದ ಭಾರ ಬೇಗ ತಿಳಿಯಿತು.

ಇಷ್ಟಾದರೂ 2024ರ ಬೇಸಿಗೆಯಲ್ಲಿ ಆ ಊರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಜನ ಕಾದು ನಿಂತರು. ಅದಕ್ಕೆ ಎರಡು ವರ್ಷ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಮಳೆನೀರು ಹೋಗಲು ದಾರಿಯಿಲ್ಲದೆ ಪೂರ್ವದ ಬಡಾವಣೆಗಳು ಮುಳುಗಿ, ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋಗಬೇಕಾಯಿತು. ಇದನ್ನು ಕೇಳಿ ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ಹಿರಿಯರು ಮಾತ್ರ, "ಒಂದು ವರ್ಷ ಮುಳುಗೋದು, ಇನ್ನೊಂದು ವರ್ಷ ಒಣಗೋದು. ಅದೆಂಗೆ ಸಾಮಿ?" ಎಂದು ಕೇಳಿದರು. ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಗಳು ಎಷ್ಟೋ ಕಡೆ ಒತ್ತುವರಿಯಾಗಿ ಕಿರಿದಾಗಿವೆ. ಬಿದ್ದ ನೀರು ನಿಲ್ಲಬೇಕಾದಲ್ಲಿ ನಿಲ್ಲದೆ, ನಿಲ್ಲಬಾರದಲ್ಲಿ ನಿಲ್ಲುತ್ತದೆ. ನೆಲದ ಒಳಕ್ಕೆ ಇಂಗುವುದು ಕಡಿಮೆ. ಹೀಗೆಂದು ನನಗೆ ತಿಳಿದಷ್ಟು ಹೇಳಿದೆ.

ಮಧ್ಯಾಹ್ನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. 1962ರಲ್ಲಿ ತೆರೆದದ್ದು. ಹುಡುಗರನ್ನು ಯಂತ್ರಗಳ ಮುಂದಿನಿಂದ ಎಳೆದುಕೊಂಡು ಬರುವುದೇ ಕಷ್ಟವಾಯಿತು, ಹೆಚ್ಚು ಬರೆಯುವುದಿಲ್ಲ. ಅಲ್ಲಿಂದ ವಿಧಾನಸೌಧವನ್ನು ಹೊರಗಿನಿಂದ ನೋಡಿದೆವು. 1951ರ ಜುಲೈ 13ರಂದು ಜವಾಹರಲಾಲ್ ನೆಹರು ಅಡಿಗಲ್ಲಿಟ್ಟರು. ಕೆಂಗಲ್ ಹನುಮಂತಯ್ಯನವರ ಹಟದಿಂದ ಕಟ್ಟಡ ಈ ಘನತೆ ಪಡೆದು 1956ರಲ್ಲಿ ಮುಗಿಯಿತು. ಬಾಗಿಲ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆದಿದೆ. ಒಬ್ಬ ಹುಡುಗ ಗಟ್ಟಿಯಾಗಿ ಓದಿದ. ಹಿರಿಯರು ಕೈಮುಗಿದು, "ದೇವರು ಬೇಗ ಕಣ್ಣು ಬಿಡ್ಲಪ್ಪ. ನನ್ನ ಪೋಡಿ ಅರ್ಜಿ ಮೂರು ವರ್ಷದಿಂದ ಕೂತೈತೆ" ಎಂದರು.

ಹತ್ತಿರದಲ್ಲಿಯೇ ಕಂಠೀರವ ಕ್ರೀಡಾಂಗಣ. ಇದು ಸಂಪಂಗಿ ಕೆರೆಯ ಜಾಗ. ಆದರೆ ಈ ಕೆರೆ ಪೂರ್ತಿ ಹೋಗಿಲ್ಲ. ಒಂದು ಸಣ್ಣ ಕೊಳದಷ್ಟು ಉಳಿದಿದೆ. ಯಾಕೆ ಉಳಿಯಿತು ಗೊತ್ತೆ? ಕರಗಕ್ಕಾಗಿ. ಚೈತ್ರದ ಹುಣ್ಣಿಮೆಯಲ್ಲಿ ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆಯ ಕರಗ ಹೊರಡುತ್ತದೆ. ದಾರಿಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಅದನ್ನು ನಡೆಸುವ ತಿಗಳ ಸಮುದಾಯದವರು ತಲೆತಲಾಂತರದಿಂದ ಕೆರೆಗಳ ಸುತ್ತ ಹೂವು, ತರಕಾರಿ ಬೆಳೆದ ತೋಟಗಾರರು. ಅವರ ಆಚರಣೆಗೆ ಕೆರೆಯ ನೀರು ಬೇಕು. ಆ ಕಾರಣದಿಂದ ಆ ಮೂಲೆ ಉಳಿದಿದೆ. ಸಂಸ್ಕೃತಿ ಎಂದರೆ ಹಾಡು ಕುಣಿತ ಎಂದುಕೊಂಡಿದ್ದ ಮಕ್ಕಳಿಗೆ ಇದು ಹೊಸದಾಗಿ ಕಂಡಿತು. ನನಗೂ ಹೊಸದೇ.

ಸೋಮವಾರ ಪರಿಷೆ. ದೊಡ್ಡ ಬಸವಣ್ಣ ಒಂದೇ ಕಲ್ಲಿನದು, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಸುತ್ತಲಿನ ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಮುಂತಾದವು ಹಿಂದೆ ಕಡಲೆಕಾಯಿ ಬೆಳೆಯುವ ಹಳ್ಳಿಗಳು. ಬಸವ ಬಂದು ಬೆಳೆ ಮೇಯುತ್ತಿದ್ದನೆಂದೂ, ಅವನನ್ನು ಸಮಾಧಾನ ಮಾಡಲು ಮೊದಲ ಫಸಲು ಒಪ್ಪಿಸುವ ಹರಕೆ ಹೊತ್ತರೆಂದೂ ಕಥೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಹಡಗಿನ ದಾರಿಯಲ್ಲಿ ನಮ್ಮ ದೇಶಕ್ಕೆ ಬಂದ ಬೆಳೆ. ಆದ್ದರಿಂದ ಕಥೆಯ ವಯಸ್ಸನ್ನು ನಾನು ಹೇಳಲಾರೆ. ಹೊಲಕ್ಕೆ ದನ ನುಗ್ಗುವ ಸಂಕಟ ಮಾತ್ರ ಯಾವ ಕಾಲಕ್ಕೂ ನಿಜ.

ನಮ್ಮ ಮಕ್ಕಳು ವ್ಯಾಪಾರಿಯ ಮಗ್ಗುಲಲ್ಲಿಯೇ ರಾಶಿ ಹಾಕಿ ಕೂತರು. ಒಂದು ಗಂಟೆಯಾದರೂ ಒಂದು ಸೇರು ಹೋಗಲಿಲ್ಲ. ಜನ ಬರುತ್ತಾರೆ, ನೋಡುತ್ತಾರೆ, ಪಕ್ಕದ ರಾಶಿಗೆ ಹೋಗುತ್ತಾರೆ. ಹುಡುಗಿಯರ ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಡೆಗೆ ಎದ್ದು ಬಂದು, "ಮಕ್ಳಾ, ಮಣ್ಣು ಮಾರೋಕೆ ಬಂದಿದೀರೋ, ಕಾಯಿ ಮಾರೋಕೆ ಬಂದಿದೀರೋ?" ಎಂದು ಕೇಳಿ, ಮೊರ ತೆಗೆದುಕೊಂಡು ಕೇರಿ ತೋರಿಸಿದರು. ಜೊಳ್ಳು, ಒಡೆದ ಕಾಯಿ, ಮಣ್ಣು ಒಂದು ಕಡೆ. ಗಟ್ಟಿ ಕಾಯಿ ಒಂದು ಕಡೆ. ದಪ್ಪ ಕಾಯಿ ಮುಂದಕ್ಕೆ. ಮಕ್ಕಳೆಲ್ಲ ಕೂತು ಎಂಟು ಚೀಲವನ್ನೂ ಆರಿಸಿದರು. ಒಂದೂಕಾಲು ಚೀಲ ಜೊಳ್ಳು ಕಸಕ್ಕೆ ಹೋಯಿತು. ಉಳಿದದ್ದು ಸಂಜೆಯೊಳಗೆ ಪಕ್ಕದವರ ಬೆಲೆಗೇ ಮಾರಿತು. ಬಸ್ಸಿನ ಖರ್ಚು, ಊಟದ ಖರ್ಚು ಕಳೆದು ಸ್ವಲ್ಪ ಹಣ ಶಾಲೆಯ ಪುಸ್ತಕ ಭಂಡಾರಕ್ಕೆ ಉಳಿಯಿತು.

ಕೃಷಿ ಡಿಪ್ಲೊಮಾ ಓದಿದ ನಾನು ಅದೇ ಕಾಯನ್ನು ಊರಿನಲ್ಲಿ ಚೀಲಕ್ಕೆ ತುಂಬುವಾಗ ಸುಮ್ಮನಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಜೊಳ್ಳಿಗೆ ಮದ್ದು ಹೊಲದಲ್ಲಿಯೇ ಇದೆ. ಹೂ ಬಿಟ್ಟು ಊಡು ಇಳಿಯುವ ಸಮಯದಲ್ಲಿ ಎಕರೆಗೆ 200 ಕೆ.ಜಿ. ಜಿಪ್ಸಂ ಹಾಕಿ ಮಣ್ಣು ಏರಿಸಿದರೆ ಕಾಯಿ ತುಂಬುತ್ತದೆ. ಕಿತ್ತ ಕಾಯನ್ನು ಅಲುಗಿಸಿದರೆ ಒಳಗೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಬೇಕು. ಹಸಿಯಾಗಿ ಚೀಲ ಕಟ್ಟಿದರೆ ಬೂಷ್ಟು ಹಿಡಿದು, ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅಂತಹ ಕಾಯನ್ನು ದನಕ್ಕೂ ಹಾಕಬಾರದು.

ಈಗ ಹಿರಿಯರು ಬೀಡಿ ಹೊತ್ತಿಸಲು ಆಚೆಗೆ ಹೋದ ಕಾರಣ. ನಮ್ಮ ಊರ ಕೆರೆ ತುಂಬಿ ಬಹಳ ವರ್ಷಗಳಾದವು. ರಸ್ತೆಯ ಕಡೆಯ ಅಂಗಳವನ್ನು ಮಣ್ಣು ಹಾಕಿ ಎತ್ತರಿಸಿ, ಬಸ್ ತಂಗುದಾಣವನ್ನೂ ಹತ್ತು ಅಂಗಡಿಗಳನ್ನೂ ಕಟ್ಟಬೇಕೆಂದು ಮಾತು ನಡೆದಿತ್ತು. ಅದನ್ನು ಮುಂದೆ ನಿಂತು ಹೇಳುತ್ತಿದ್ದವರು ಈ ಹಿರಿಯರೇ. ಅವರದು ದುರಾಸೆಯ ಮಾತಲ್ಲ. ತಂಗುದಾಣವಿಲ್ಲದೆ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಬಿಸಿಲು ಮಳೆಯಲ್ಲಿ ನಿಲ್ಲುವುದನ್ನು ನಾನೂ ದಿನಾ ನೋಡುತ್ತೇನೆ.

ಪ್ರವಾಸದ ಮರುವಾರ ನಡೆದ ಗ್ರಾಮಸಭೆಯಲ್ಲಿ ಮಕ್ಕಳಿಗೆ ಹತ್ತು ನಿಮಿಷ ಕೊಟ್ಟರು. ಬೋರ್‌ವೆಲ್ ಪ್ರಶ್ನೆ ಕೇಳಿದ್ದ ಹುಡುಗಿ ತನ್ನ ಪುಸ್ತಕದಿಂದ ಧರ್ಮಾಂಬುಧಿ, ಸಿದ್ದಿಕಟ್ಟೆ, ಸಂಪಂಗಿ ಮೂರನ್ನೂ ಓದಿದಳು. ನಮ್ಮ ಕೆರೆಯ ಹೆಸರು ಎತ್ತಲಿಲ್ಲ. ಆದರೂ ಸಭೆಯಲ್ಲಿ ಗದ್ದಲವಾಯಿತು. "ಬೆಂಗಳೂರು ಕೆರೆ ಮುಚ್ಚಿ ಹಾಳಾಯ್ತಾ? ಬೆಳೀಲಿಲ್ವಾ?" ಎಂದು ಒಬ್ಬ ಯುವಕರು ಕೇಳಿದರು. ಅದು ಸರಿಯಾದ ಪ್ರಶ್ನೆ. ಉತ್ತರ ಕೊಡಲು ನಾನು ಎದ್ದೆ. ಆದರೆ ಹಿರಿಯರು ನನ್ನನ್ನು ಕೂರಿಸಿ ತಾವೇ ಹೇಳಿದರು: "ಅವರಿಗೆ ಕಾವೇರಿಯಿಂದ ಎತ್ತಿ ತರೋ ಶಕ್ತಿ ಐತೆ ಕಣಪ್ಪ. ನಮಗೆ ಯಾವ ಹೊಳೆ ಐತೆ? ಬೋರು ಆಗ್ಲೇ ಸಾವಿರ ಅಡಿಗೆ ಹೋಯ್ತು. ಕೆರೆ ತುಂಬಿದ ವರ್ಷ ನಮ್ಮಪ್ಪನ ಬಾವೀಲಿ ಕೈಗೆ ನೀರು ಸಿಗ್ತಿತ್ತು."

ತಂಗುದಾಣದ ವಿಚಾರ ಬಿಟ್ಟಿಲ್ಲ. ಶಾಲೆಯ ಕಾಂಪೌಂಡಿನ ಪಕ್ಕದ ತುಂಡು ಜಾಗವನ್ನು ನೋಡುವುದೆಂದು ತೀರ್ಮಾನವಾಯಿತು. ಅದು ಊರಿನಿಂದ ಸ್ವಲ್ಪ ದೂರ, ಕೆಲವರಿಗೆ ಒಪ್ಪಿಗೆಯಿಲ್ಲ. ಕೆರೆಯ ಗಡಿ ಎಲ್ಲಿಯವರೆಗೆ ಇದೆ ಎಂಬುದೇ ಯಾರಿಗೂ ಸರಿಯಾಗಿ ತಿಳಿಯದ್ದರಿಂದ, ಮೊದಲು ಸರ್ವೆ ಮಾಡಿಸಿ ಕಲ್ಲು ನೆಡಲು ಅರ್ಜಿ ಕೊಟ್ಟಿದ್ದೇವೆ. ಬೇಸಿಗೆಯಲ್ಲಿ ಹೂಳು ತೆಗೆಸುವ ಮಾತಿದೆ. ನಮ್ಮ ಕಡಲೆಕಾಯಿ ಹೊಲಗಳ ಕೆಂಪು ಮರಳು ಮಣ್ಣಿಗೆ ಕೆರೆಗೋಡು ಹೊಡೆದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಬೇಕಾದವರು ಹೆಸರು ಬರೆಸಬಹುದು.

ಅಳತೆಯವರು ಬರುವ ದಿನವನ್ನು ಪಂಚಾಯಿತಿಯ ಫಲಕದಲ್ಲಿ ಬರೆಯಲಾಗುವುದು. ಕೆರೆ ಅಂಚಿನಲ್ಲಿ ಜಮೀನಿರುವವರು ಆ ದಿನ ಪಹಣಿ, ನಕ್ಷೆ ಇಟ್ಟುಕೊಂಡು ತೂಬಿನ ಹತ್ತಿರ ಬೆಳಿಗ್ಗೆ ಎಂಟಕ್ಕೆ ಸೇರಬೇಕು. ಒಂಬತ್ತನೆಯ ತರಗತಿಯ ಮಕ್ಕಳು ಸರಪಳಿ ಹಿಡಿಯಲು ಬರುತ್ತೇವೆಂದು ಹೇಳಿದ್ದಾರೆ.